ನೆಟ್ಟಗೆ ನೋಡುವ ದೇವಿ: ಹಾಥೋರಳ ಜಾಡಿನಲ್ಲಿ ಆರು ದಿನ

ನಮ್ಮ ಚಿಗವ್ವ 31 ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಕೊಪ್ಪಳದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಅವಳ ಕೈಯಲ್ಲಿ ಹುಟ್ಟಿದ ಮಕ್ಕಳ ಲೆಕ್ಕ ಅವಳಿಗೂ ಗೊತ್ತಿಲ್ಲ. ನಿವೃತ್ತಿ ಆದ ಮೇಲೆ ಒಂದು ದಿನ ಫೋನ್ ಮಾಡಿ, "ಈಜಿಪ್ಟಿಗೆ ಹೋಗೂಣೇನ?" ಅಂದಳು. ಅವಳಿಗೆ ಪಿರಮಿಡ್ ನೋಡೋ ಆಸೆ. ನನಗೆ ಹಾಥೋರ್ ಎಂಬ ದೇವಿಯ ಹುಚ್ಚು.

ಹಾಥೋರಳ ಬಗ್ಗೆ ಏನೇ ಓದಿದರೂ ಉದ್ದ ಪಟ್ಟಿ ಸಿಗುತ್ತದೆ. ಪ್ರೀತಿಯ ದೇವಿ, ಸಂಗೀತದ ದೇವಿ, ಹಸುವಿನ ರೂಪದ ತಾಯಿ, ಆಕಾಶ, ಮದ್ಯ, ಸತ್ತವರನ್ನು ಬರಮಾಡಿಕೊಳ್ಳುವವಳು, ಗಣಿ ಕೆಲಸದವರನ್ನು ಕಾಯುವವಳು, ಸಿಟ್ಟು ಬಂದರೆ ಸಿಂಹಿಣಿ. ಇಷ್ಟೆಲ್ಲಾ ಒಬ್ಬಳೇ ಹೇಗೆ ಆಗ್ತಾಳೆ? ಅವಳ ಗುಡಿಗಳನ್ನೇ ಒಂದರ ಹಿಂದೆ ಒಂದು ನೋಡುತ್ತಾ ಹೋದರೆ ತಿಳಿಯಬಹುದು ಅನ್ನಿಸಿತು. ಕೈರೋದಿಂದ ದಕ್ಷಿಣಕ್ಕೆ ಅಬು ಸಿಂಬೆಲ್‌ವರೆಗೆ ಆರು ದಿನದ ದಾರಿ ಹಾಕಿಕೊಂಡೆ. ಡಿಸೆಂಬರ್ ಮೊದಲ ವಾರ ಹೊರಟೆವು.

ಮೊದಲ ದಿನ: ಕೈರೋ

ಪಿರಮಿಡ್ ಬೆಳಿಗ್ಗೆಯೇ ಮುಗಿಸಿ ಮಧ್ಯಾಹ್ನ ತಹ್ರೀರ್ ಚೌಕದ ಹಳೇ ಮ್ಯೂಸಿಯಂಗೆ ಬಂದೆವು. ಅಲ್ಲಿಗೆ ಹೋಗೋ ಮುಂಚೆ ಹತ್ತಿರದ ಬೀದಿಯಲ್ಲಿ ಕೊಶರಿ ತಿಂದೆವು. ಅನ್ನ, ಚನ್ನಂಗಿ ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಕರುಮ್ ಅನ್ನುವ ಹುರಿದ ಈರುಳ್ಳಿ, ಟೊಮೆಟೊ ಸಾರು. ಸಸ್ಯಾಹಾರಿಗಳಿಗೆ ಈಜಿಪ್ಟಲ್ಲಿ ಇದೇ ಆಧಾರ. ಖಾರದ ಬಾಟಲಿ ಬೇರೆ ಇಡ್ತಾರೆ, ಚಿಗವ್ವ ಅದನ್ನು ಅರ್ಧ ಖಾಲಿ ಮಾಡಿದಳು.

ಮ್ಯೂಸಿಯಂನಲ್ಲಿ ನಾನು ನೋಡಬೇಕಿದ್ದದ್ದು ಒಂದು ಹಸು. 1906ರಲ್ಲಿ ಲಕ್ಸರ್ ಎದುರಿನ ದೇರ್ ಎಲ್-ಬಹರಿ ಬೆಟ್ಟದ ಬುಡದಲ್ಲಿ ಎಡ್ವರ್ಡ್ ನಾವಿಲ್ ಅಗೆಯುತ್ತಿದ್ದಾಗ ಬಣ್ಣದ ಪುಟ್ಟ ಗುಡಿಯೊಂದು ಸಿಕ್ಕಿತು. ಅದರ ಒಳಗೆ ಈ ಕಲ್ಲಿನ ಹಸು ನಿಂತಿತ್ತು. ಈಗ ಗುಡಿ, ಹಸು ಎರಡೂ ಇಲ್ಲಿವೆ. ನಿಜವಾದ ಹಸುವಿನಷ್ಟೇ ದೊಡ್ಡದು. ಕೊಂಬಿನ ನಡುವೆ ಸೂರ್ಯ, ಕುತ್ತಿಗೆಯ ಎರಡೂ ಕಡೆ ಪಪೈರಸ್ ಜೊಂಡು. ಜೊಂಡಿನ ಹಿಂದಿನಿಂದ ಈಗಷ್ಟೇ ಹೊರಗೆ ಕಾಲಿಟ್ಟ ಹಾಗಿದೆ. ಗದ್ದದ ಕೆಳಗೆ ರಾಜ ನಿಂತಿದ್ದಾನೆ. ಪಕ್ಕಕ್ಕೆ ಬಂದರೆ ಅದೇ ರಾಜ ಚಿಕ್ಕವನಾಗಿ ಮೊಣಕಾಲೂರಿ ಕೆಚ್ಚಲಿಗೆ ಬಾಯಿ ಹಾಕಿದ್ದಾನೆ.

ಚಿಗವ್ವ ಅಲ್ಲೇ ನಿಂತುಬಿಟ್ಟಳು. "ಮುಂದ ನಿಂತಾಗ ರಾಜ, ಕೆಳಗ ಕುಂತಾಗ ಕೂಸು," ಅಂದಳು.

ಹತ್ತಿರದಲ್ಲೇ ಮೆನ್ಕೌರೆ ರಾಜನ ಜೊತೆ ಹಾಥೋರ್ ನಿಂತಿರುವ ಕಪ್ಪು ಕಲ್ಲಿನ ಮೂರ್ತಿ. ಸುಮಾರು 4,500 ವರ್ಷ ಹಳೆಯದು. ಹಾಥೋರ್ ಅಂದರೆ "ಹೋರಸನ ಮನೆ" ಅಂತ ಅರ್ಥ. ಹೋರಸ್ ಗಿಡುಗನ ರೂಪದ ದೇವರು, ಅವನು ಹಾರಾಡುವ ಆಕಾಶವೇ ಇವಳು. ಕೆಲವು ಕಡೆ ಅವನ ತಾಯಿ, ಇನ್ನು ಕೆಲವು ಕಡೆ ಹೆಂಡತಿ. "ರಾ" ಎಂಬ ಸೂರ್ಯದೇವನಿಗೆ ಮಗಳೂ ಹೌದು, ಅವನ ಕಣ್ಣೂ ಹೌದು. ಸಂಬಂಧ ಕೇಳಿ ಚಿಗವ್ವನಿಗೆ ಗೊಂದಲವಾಯಿತು. ಆದರೆ ಮೇಲಿನ ಮಹಡಿಯಲ್ಲಿ ಒಂದು ಹಳೇ ಕೈಗನ್ನಡಿಯ ಹಿಡಿಯ ಮುಂದೆ ಅವಳು ಹೇಳಿದ ಮಾತು ಇಡೀ ಪ್ರವಾಸಕ್ಕೆ ದಾರಿ ಹಾಕಿಕೊಟ್ಟಿತು. ಹಿಡಿಯ ಮೇಲೆ ಹಾಥೋರಳ ಮುಖ, ಹೆಣ್ಣಿನ ಮುಖಕ್ಕೆ ಹಸುವಿನ ಕಿವಿ.

"ಉಳಿದ ದೇವರೆಲ್ಲ ಮಾರಿ ಆಕಡೆ ತಿರುಗಿಸ್ಯಾವ. ಇಕಿ ಯಾಕ ನಮ್ಮನ್ನ ನೆಟ್ಟಗ ನೋಡಾಕತ್ಯಾಳ?"

ಹೌದಲ್ಲ! ಈಜಿಪ್ಟಿನ ಗೋಡೆಚಿತ್ರಗಳಲ್ಲಿ ದೇವರು, ರಾಜ ಎಲ್ಲರೂ ಪಕ್ಕದಿಂದಲೇ ಕಾಣುತ್ತಾರೆ. ಪೂರ್ತಿ ಮುಖ ತೋರಿಸಿ ನೋಡುವವರು ತೀರಾ ಕಡಿಮೆ. ಹಾಥೋರ್ ಒಬ್ಬಳು, ಹೆರಿಗೆ ಮನೆ ಕಾಯುವ ಬೆಸ್ ಎಂಬ ಕುಳ್ಳ ದೇವರು ಇನ್ನೊಬ್ಬ. ಇಷ್ಟು ವರ್ಷ ಓದಿದರೂ ನನಗೆ ಇದು ಹೊಳೆದಿರಲಿಲ್ಲ.

ಎರಡನೇ ದಿನ: ಲಕ್ಸರಿನ ಪಡುವಣ ದಂಡೆ

ರಾತ್ರಿ ರೈಲಿನಲ್ಲಿ ಲಕ್ಸರಿಗೆ ಬಂದೆವು. ಎಸಿ ಜಾಸ್ತಿ ಇತ್ತು. ಚಿಗವ್ವ ತಂದಿದ್ದ ಕೌದಿಯೇ ನಮ್ಮಿಬ್ಬರನ್ನೂ ಕಾಪಾಡಿತು. ನೀವು ಹೋಗುವುದಾದರೂ ದಪ್ಪ ಶಾಲು ಇಟ್ಟುಕೊಳ್ಳಿ.

ಬೆಳಿಗ್ಗೆ ದೋಣಿಯಲ್ಲಿ ನದಿ ದಾಟಿ, ದಂಡೆಯ ಮೇಲಿನ ಚಹಾದಂಗಡಿಯಲ್ಲಿ ತಿಂಡಿ. ಬೇಯಿಸಿದ ಫೂಲ್ ಕಾಳು, ಉಬ್ಬಿದ ಗೋಧಿ ರೊಟ್ಟಿ. ಆಮೇಲೆ ಒಂದು ಬಟ್ಟಲಲ್ಲಿ ಕರಿ ಪಾಕ, ಅದರ ನಡುವೆ ಬಿಳಿ ಎಳ್ಳಿನ ತಹಿನಿ. ಪಾಕಕ್ಕೆ ಇಲ್ಲಿ "ಅಸಲ್ ಇಸ್ವಿದ್" ಅಂತಾರೆ, ಕರಿಜೇನು ಅಂತ ಅರ್ಥ. ಜೇನೇನಲ್ಲ, ಕಬ್ಬಿನ ಹಾಲು ಕಾಯಿಸಿದ್ದು. ರೊಟ್ಟಿ ಅದ್ದಿ ಬಾಯಿಗಿಟ್ಟ ಚಿಗವ್ವ "ಎಳ್ಳು ಬೆಲ್ಲ ಕೊಟ್ರಲ್ಲ ಇವರು!" ಅಂದಳು.

ದೇರ್ ಎಲ್-ಬಹರಿಯಲ್ಲಿ ಹತ್ಶೆಪ್ಸುತ್ ರಾಣಿಯ ಗುಡಿ. ಕ್ರಿ.ಪೂ. 15ನೇ ಶತಮಾನದಲ್ಲಿ ಫೇರೋ ಪಟ್ಟದಲ್ಲೇ ಕೂತು ಆಳಿದ ಹೆಣ್ಣುಮಗಳು. ಜನರೆಲ್ಲ ನೇರ ಮೇಲಿನ ಅಂತಸ್ತಿಗೆ ಹತ್ತಿ ಫೋಟೋ ತೆಗೆದು ಇಳಿಯುತ್ತಾರೆ. ಎರಡನೇ ಅಂತಸ್ತಿನ ಎಡಗಡೆ ತುದಿಗೆ ಹೋಗಿ. ಅಲ್ಲಿ ಹಾಥೋರಳ ಗುಡಿ ಇದೆ, ಗದ್ದಲ ಕಡಿಮೆ. ಕಂಬದ ತುದಿಯಲ್ಲಿ ಅದೇ ಮುಖ, ಅದೇ ಹಸುವಿನ ಕಿವಿ. ಗೋಡೆಯಲ್ಲಿ ಒಂದು ಕಡೆ ಹಸು ತಲೆ ಬಗ್ಗಿಸಿ ಸಿಂಹಾಸನದ ಮೇಲೆ ಕೂತವರ ಕೈ ನೆಕ್ಕುತ್ತಿದೆ. ದೇಶ ಆಳುವವರ ಕೈಯನ್ನು ಕರುವಿನ ಮೈ ನೆಕ್ಕಿದ ಹಾಗೆ ನೆಕ್ಕುವ ದೇವಿ! ಆ ನಾಲಿಗೆಯ ಗೆರೆಯನ್ನು ಎಷ್ಟು ಹೊತ್ತು ನೋಡಿದೆನೋ.

ಇದು ರಾಜರ ಜಾಗ ಮಾತ್ರ ಆಗಿರಲಿಲ್ಲ. ಈ ಬೆಟ್ಟದ ಬುಡದಲ್ಲಿ ಸಾಮಾನ್ಯ ಜನ ಹಾಥೋರಳಿಗೆ ಒಪ್ಪಿಸಿದ ಹರಕೆಗಳು ರಾಶಿ ರಾಶಿ ಸಿಕ್ಕಿವೆ. ಮಣಿಸರ, ಪುಟ್ಟ ಪುಟ್ಟ ಹಸುಗಳು, ಚಿತ್ರ ಬರೆದ ಬಟ್ಟೆ, ಕಿವಿ ಕೆತ್ತಿದ ಬಿಲ್ಲೆಗಳು. ಕಿವಿ ಯಾಕೆ ಅಂದರೆ, ದೇವಿ ತಮ್ಮ ಮಾತು ಕೇಳಿಸಿಕೊಳ್ಳಲಿ ಅಂತ.

ಮಧ್ಯಾಹ್ನ ದೇರ್ ಎಲ್-ಮದೀನಾ, ರಾಜರ ಗೋರಿಗಳನ್ನು ಕೊರೆದ ಕೆಲಸಗಾರರ ಊರು. ಇಲ್ಲಿ ಸಿಕ್ಕ ಒಂದು ಹಾಜರಿ ಕಲ್ಲಿನಲ್ಲಿ ರಜೆಯ ಕಾರಣಗಳಿವೆ. ಚೇಳು ಕಚ್ಚಿತು, ಬಿಯರ್ ಮಾಡಬೇಕಿತ್ತು, ಹೆಂಡತಿಗೋ ಮಗಳಿಗೋ ಮುಟ್ಟು. ಕೊನೆಯದನ್ನು ಕೇಳಿ ಚಿಗವ್ವ "ನಮ್ಮ ಕಡೆ ಈ ಕಾರಣ ಬರದ ಕೊಡಾಕ ಧೈರ್ಯ ಬೇಕು" ಅಂದಳು. ಊರ ಪಕ್ಕದಲ್ಲೇ ಈಜಿಪ್ಟನ್ನಾಳಿದ ಗ್ರೀಕ್ ವಂಶದ ಟಾಲೆಮಿ ರಾಜರ ಕಾಲದ ಪುಟ್ಟ ಹಾಥೋರ್ ಗುಡಿ. ಇಟ್ಟಿಗೆ ಗೋಡೆಯೊಳಗೆ ತಣ್ಣಗೆ ಕೂತಿದೆ.

ಸಂಜೆ ಸೂರ್ಯ ಆ ಬೆಟ್ಟದ ಹಿಂದೆಯೇ ಇಳಿದ. ಈಜಿಪ್ಟಿನವರಿಗೆ ಪಡುವಣ ಅಂದರೆ ಸತ್ತವರ ದಿಕ್ಕು. ಅವರ ಚಿತ್ರಗಳಲ್ಲಿ ಈ ಬೆಟ್ಟದ ಇಳಿಜಾರನ್ನು ಸೀಳಿಕೊಂಡು ಹಾಥೋರ್ ಹಸುವಾಗಿ ಹೊರಬರುತ್ತಾಳೆ. ಸೂರ್ಯನನ್ನೂ ಸತ್ತವರನ್ನೂ ಅವಳೇ ಬರಮಾಡಿಕೊಳ್ಳುತ್ತಾಳೆ. ನಿನ್ನೆ ಮ್ಯೂಸಿಯಂನಲ್ಲಿ ಹಾಲು ಕುಡಿಸುತ್ತಿದ್ದ ಹಸು ಹೊರಗೆ ಬಂದದ್ದು ಇಲ್ಲಿಂದಲೇ.

ಮೂರನೇ ದಿನ: ದೆಂದೆರಾ

ಈ ದಿನಕ್ಕಾಗಿಯೇ ನಾನು ಬಂದಿದ್ದು. ಲಕ್ಸರಿನಿಂದ ಉತ್ತರಕ್ಕೆ 60 ಕಿಲೋಮೀಟರ್ ಆಸುಪಾಸು. ಬಾಡಿಗೆ ಕಾರು ಬೆಳಿಗ್ಗೆ ಆರೂವರೆಗೆ ಹೊರಟಿತು. ಹೊಲಗಳ ಮೇಲೆ ಮಂಜು ಎಷ್ಟು ದಟ್ಟವಾಗಿತ್ತು ಅಂದರೆ ಎದುರಿಗೆ ಬರುವ ಕತ್ತೆಗಾಡಿ ಹತ್ತು ಮಾರು ದೂರದಲ್ಲಷ್ಟೇ ಕಾಣುತ್ತಿತ್ತು. ರಸ್ತೆಯುದ್ದಕ್ಕೂ ಕಬ್ಬು. ಪಕ್ಕದಲ್ಲಿ ಕಬ್ಬು ಸಾಗಿಸುವ ಪುಟ್ಟ ರೈಲಿನ ಹಳಿ. ಚೆಕ್‌ಪೋಸ್ಟ್‌ನಲ್ಲಿ ಪಾಸ್‌ಪೋರ್ಟ್ ಕೇಳಿದರು. ಚಾಲಕ ಇಳಿದು ಮಾತಾಡಿ ಬಂದ. ಅಲ್ಲೇ ಕಾಲು ಗಂಟೆ ಹೋಯಿತು.

ಟಿಕೆಟ್ ಕಿಟಕಿಯಲ್ಲಿ ತೊಂದರೆ ಎದುರಾಯಿತು. ನಗದು ತಗೊಳ್ಳಲ್ಲ, ಕಾರ್ಡ್ ಮಾತ್ರ ಅಂದರು. ನನ್ನ ಕಾರ್ಡ್ ಆ ಯಂತ್ರದಲ್ಲಿ ಮೂರು ಸಲ ತಿರಸ್ಕಾರವಾಯಿತು. ಹಿಂದಿನ ದಿನವೇ ಬಳಸಿದ್ದ ಕಾರ್ಡ್ ಅದು. ಇಷ್ಟು ದೂರ ಬಂದು ಬಾಗಿಲಲ್ಲೇ ವಾಪಸ್ ಹೋಗಬೇಕಾ ಅಂತ ಕಣ್ಣಲ್ಲಿ ನೀರು ಬಂತು. ಹಿಂದೆ ನಿಂತಿದ್ದ ಈಜಿಪ್ಟಿನ ಹೆಂಗಸೊಬ್ಬರು, ಶಾಲಾ ಮಕ್ಕಳನ್ನು ಕರೆತಂದಿದ್ದ ಟೀಚರ್, ಏನೂ ಕೇಳದೆ ತಮ್ಮ ಕಾರ್ಡ್ ಕೊಟ್ಟರು. ನಾನು ಕೊಟ್ಟ ನೋಟುಗಳನ್ನು ಎಣಿಸಲೂ ಇಲ್ಲ. ಎರಡು ಕಾರ್ಡ್ ಇಟ್ಟುಕೊಂಡು ಹೋಗಿ, ಒಂದನ್ನೇ ನಂಬಬೇಡಿ.

ಒಳಗೆ ಕಾಲಿಟ್ಟಾಗ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಅದರೊಳಗಿಂದ ಆರು ಕಂಬಗಳ ಮುಂಭಾಗ ನಿಧಾನಕ್ಕೆ ಮೂಡಿತು. ಈಗಿರುವ ಗುಡಿಯ ಕೆಲಸ ಶುರುವಾದದ್ದು ಕ್ರಿ.ಪೂ. 54ರಲ್ಲಿ, ಕ್ಲಿಯೋಪಾತ್ರಳ ತಂದೆಯ ಕಾಲದಲ್ಲಿ. ಮುಂಭಾಗದ ಮಂಟಪ ರೋಮನ್ನರ ಕಾಲದ್ದು. ಮಂಟಪದಲ್ಲಿ 24 ಕಂಬ, ಒಂದೊಂದು ಕಂಬದ ತಲೆಯಲ್ಲೂ ನಾಲ್ಕು ದಿಕ್ಕಿಗೆ ನಾಲ್ಕು ಹಾಥೋರ್. ತಲೆಯೆತ್ತಿದರೆ ಚಾವಣಿ ಪೂರ್ತಿ ನೀಲಿ. ನೂರಾರು ವರ್ಷದ ಮಸಿ ತೊಳೆದ ಮೇಲೆ ಬಣ್ಣ ಮೊನ್ನೆ ಮೊನ್ನೆ ಹಚ್ಚಿದಂತಿದೆ.

ಆದರೆ ಮುಖಗಳು ಇಲ್ಲ. ಹಳೇ ಧರ್ಮ ಮುಗಿದ ಮೇಲೆ ಬಂದವರು ಉಳಿಯಿಂದ ಕೊಚ್ಚಿದ್ದಾರೆ. ಕಣ್ಣು, ಮೂಗು, ಬಾಯಿ ಇರುವ ಕಡೆ ಉಳಿಯ ಗುಂಡಿಗಳು. ಚಿಗವ್ವ ಒಂದು ಕಂಬದ ಕೆಳಗೆ ಕುತ್ತಿಗೆ ನೋಯುವಷ್ಟು ಹೊತ್ತು ನಿಂತಳು. ಆಮೇಲೆ ಮೆಲ್ಲಗೆ ಅಂದಳು: "ನೋಡ, ಕಣ್ಣ ತಗದಾರ. ಕಿವಿ ಬಿಟ್ಟಾರ." ನೋಡಿದೆ. ಆ ಕಂಬದಲ್ಲಿ ಮುಖದ ಎರಡೂ ಬದಿ ಹಸುವಿನ ಕಿವಿ ಹಾಗೇ ಇತ್ತು, ಒಳಮಡಿಕೆಯ ಸಮೇತ.

ಕಂಬದ ತಲೆ ಯಾಕೆ ಹೀಗೆ ಕಾಣುತ್ತದೆ ಅಂತ ತೋರಿಸಿದ್ದು ಅಲ್ಲಿನ ಕಾವಲುಗಾರ. ಅರವತ್ತರ ಮುದುಕ, ಬೂದು ಬಣ್ಣದ ಗಲಾಬಿಯಾ ಎಂಬ ನಿಲುವಂಗಿ, ಕೈಯಲ್ಲಿ ದೊಡ್ಡ ಬೀಗದ ಕೈ ಗೊಂಚಲು. ಹಾಥೋರಳ ವಾದ್ಯ ಸಿಸ್ಟ್ರಮ್. ಹಿಡಿಯ ಮೇಲೆ ದೇವಿಯ ಮುಖ, ಅದರ ಮೇಲೆ ಚೌಕಟ್ಟು, ಚೌಕಟ್ಟಿನಲ್ಲಿ ಅಲುಗಾಡುವ ಲೋಹದ ಕಡ್ಡಿಗಳು. ಈ ಕಂಬಗಳೆಲ್ಲ ಕಲ್ಲಿನ ಸಿಸ್ಟ್ರಮ್‌ಗಳೇ. ಹಳೇ ಈಜಿಪ್ಟಿನ ಮಾತಿನಲ್ಲಿ ಅದಕ್ಕೆ ಸೆಶೆಶೆತ್ ಅಂತ ಹೆಸರು. ಜೊಂಡು ಗಾಳಿಗೆ ಸರಸರ ಅನ್ನುವ ಸದ್ದು ಹೆಸರಲ್ಲೇ ಇದೆ. ಜೊಂಡಿನ ನಡುವಿನಿಂದ ಬಂದ ಹಸುವನ್ನು ನೆನೆಸಿಕೊಳ್ಳಿ. ಕಾವಲುಗಾರ ಬೀಗದ ಕೈಗಳನ್ನು ಎತ್ತಿ ಕಂಬದ ಕಡೆ ಮೆಲ್ಲಗೆ ಅಲ್ಲಾಡಿಸಿದ. ಛಲ್, ಛಲ್. ಕಲ್ಲಿನ ಮಂಟಪದಲ್ಲಿ ಆ ಸದ್ದು ತುಂಬಾ ಹೊತ್ತು ನಿಂತಿತು. ದೇವಿಯ ಸಿಟ್ಟು ಇಳಿಸಲು ಇದನ್ನೇ ಆಡಿಸುತ್ತಿದ್ದರು.

ಅವನೇ ನೆಲಮಾಳಿಗೆಯ ಬಾಗಿಲು ತೆಗೆದ. ಇಂಥವು ಗುಡಿಯ ಗೋಡೆ, ನೆಲದೊಳಗೆ ಹನ್ನೆರಡು ಇವೆ. ಪೂಜೆಯ ಮೂರ್ತಿ, ವಾದ್ಯ, ಆಭರಣ ಇಡುತ್ತಿದ್ದ ಗುಪ್ತ ಕೋಣೆಗಳು. ಬಾಗಿಲು ಎಷ್ಟು ಚಿಕ್ಕದೆಂದರೆ ಕೂತು, ಜಾರಿ ಇಳಿಯಬೇಕು. ಮೊಣಕಾಲು ನೋವಿನ ಚಿಗವ್ವ ಮೇಲೇ ಉಳಿದಳು. ಒಳಗೆ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಆ ಕತ್ತಲಲ್ಲಿ ಕೆತ್ತನೆ ಎಷ್ಟು ನಯ! ಗಿಡುಗನ ಒಂದೊಂದು ಗರಿಯೂ ಬೇರೆ ಬೇರೆ. ಯಾರೂ ನೋಡದ ಜಾಗಕ್ಕೆ ಇಷ್ಟು ಶ್ರಮ. ಕಾವಲುಗಾರನಿಗೆ ಸಣ್ಣ ನೋಟು ಕೊಡುವುದು ಇಲ್ಲಿನ ರೂಢಿ, ಚಿಲ್ಲರೆ ಮಾಡಿಸಿ ಇಟ್ಟುಕೊಳ್ಳಿ.

ಚಾವಣಿಗೆ ಹೋಗುವ ಮೆಟ್ಟಿಲು ಸವೆದು ಸವೆದು ಕರಗಿದ ಮೇಣದಂತಾಗಿದೆ. ಅಕ್ಕಪಕ್ಕದ ಗೋಡೆಯಲ್ಲಿ ಪೂಜಾರಿಗಳು ಮೂರ್ತಿ ಹೊತ್ತು ನಮ್ಮ ಜೊತೆಯಲ್ಲೇ ಹತ್ತುತ್ತಿದ್ದಾರೆ. ಹೊಸ ವರ್ಷದಂದು, ನೈಲ್ ನದಿಗೆ ನೆರೆ ಬರುವ ಹೊತ್ತಿಗೆ, ದೇವಿಯನ್ನು ಹೀಗೆ ಮೇಲೆ ತಂದು ಬಿಸಿಲು ಮುಟ್ಟಿಸುತ್ತಿದ್ದರು. ವರ್ಷಪೂರ್ತಿ ಕತ್ತಲಲ್ಲಿದ್ದ ಮಗಳು ತಂದೆ ಸೂರ್ಯನನ್ನು ನೋಡುವ ದಿನ. ಚಾವಣಿಯ ಒಂದು ಕೋಣೆಯಲ್ಲಿ ಪ್ರಸಿದ್ಧ ರಾಶಿಚಕ್ರವಿದೆ, ಆದರೆ ಅದು ಅಚ್ಚು. ಅಸಲಿಯನ್ನು 1821ರಲ್ಲಿ ಫ್ರಾನ್ಸಿನವರು ಕೊಯ್ದು ಒಯ್ದರು, ಈಗ ಲೂವ್ರ್‌ನಲ್ಲಿದೆ. ಕಪ್ಪಗೆ ಬಳಿದ ಆ ಅಚ್ಚು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ವಾಪಸ್ ಬರಬೇಕಾದದ್ದು ಅದು.

ಹಿಂಬದಿಯ ಹೊರಗೋಡೆಯಲ್ಲಿ ಕ್ಲಿಯೋಪಾತ್ರ, ಮಗ ಸಿಸೇರಿಯನ್ ನಿಂತಿದ್ದಾರೆ. ಎಲ್ಲರೂ ಅವರನ್ನು ನೋಡುತ್ತಾರೆ. ನಡುವೆ ದೊಡ್ಡ ಹಾಥೋರ್ ಮುಖವೊಂದಿದೆ, ಸವೆದು ಹೋಗಿದೆ. ಒಳಗೆ ಗರ್ಭಗುಡಿ ಇರುವುದು ಸರಿಯಾಗಿ ಅದರ ಹಿಂದೆ. ಒಳಗೆ ಪ್ರವೇಶವಿಲ್ಲದ ಜನ ಇಲ್ಲಿ ನಿಂತು ಬೇಡಿಕೊಳ್ಳುತ್ತಿದ್ದರು. ಚಿಗವ್ವ ಆ ಗೋಡೆಯ ಮುಂದೆ ಸುಮ್ನೆ ಕಣ್ಣು ಮುಚ್ಚಿ ನಿಂತಳು. ಏನು ಬೇಡಿಕೊಂಡೆ ಅಂತ ನಾನು ಕೇಳಲಿಲ್ಲ.

ಅವಳಿಗೆ ಇಷ್ಟವಾದದ್ದು ಅಂಗಳದ ಹೆರಿಗೆ ಮನೆ, ಮಮ್ಮಿಸಿ. ಹಾಥೋರ್ ತನ್ನ ಮಗ ಇಹಿಗೆ ಹಾಲೂಡಿಸುವ ಚಿತ್ರಗಳು. ಇಹಿ ಸಿಸ್ಟ್ರಮ್ ಆಡಿಸುವ ಹುಡುಗ ದೇವರು. ಕಂಬದ ಮೇಲೆಲ್ಲ ಬೆಸ್, ನಾಲಿಗೆ ಚಾಚಿ ಕೆಟ್ಟದ್ದನ್ನು ಹೆದರಿಸುವವನು. ಮಗು ಹುಟ್ಟಿದಾಗ ಏಳು ಹಾಥೋರ್‌ಗಳು ಬಂದು ಅದರ ಹಣೆಬರಹ ಹೇಳಿ ಹೋಗುತ್ತಾರೆ ಅಂತ ಈಜಿಪ್ಟಿನ ಕಥೆಗಳಲ್ಲಿದೆ ಅಂದೆ.

"ನಮ್ಮ ಸಟವಿ ಐದನೇ ದಿನ ಬಂದು ಬರದ್ಹಂಗ," ಅಂದಳು ಚಿಗವ್ವ. ಸ್ವಲ್ಪ ಹೊತ್ತು ಬಿಟ್ಟು, "ಹೆರಿಗಿ ಆಗೂ ಮುಂದ ಹೆಣ್ಮಕ್ಕಳಿಗೆ ನೆಟ್ಟಗ ಕಣ್ಣಾಗ ಕಣ್ಣಿಟ್ಟು ನೋಡಬೇಕು. ಮಾರಿ ತಿರುಗಿಸಿದ್ರ ಅಂಜತಾರ" ಅಂದಳು.

ನಾನು ನೋಟ್‌ಬುಕ್ ತೆಗೆದು ಆ ಮಾತನ್ನು ಹಾಗೇ ಬರೆದುಕೊಂಡೆ.

ಹೊರಗೆ ಬರುವಾಗ ಆ ಟೀಚರ್ ಮತ್ತೆ ಸಿಕ್ಕರು. ಅವರ ಮಕ್ಕಳು ಒಣಗಿದ ಪವಿತ್ರ ಕೆರೆಯ ಹತ್ತಿರ ಆಡುತ್ತಿದ್ದರು. ಕೆರೆಯಲ್ಲಿ ಈಗ ನೀರಿಲ್ಲ, ಖರ್ಜೂರದ ಮರಗಳು ಬೆಳೆದಿವೆ. ಚಿಗವ್ವನ ಹಸಿರು ಗಾಜಿನ ಬಳೆ ನೋಡಿ ಒಬ್ಬ ಹುಡುಗಿ ಕೈ ಹಿಡಿದು ಅಲ್ಲಾಡಿಸಿದಳು. ಎರಡು ಬಳೆ ಬಿಚ್ಚಿ ಅವಳ ಕೈಗೆ ಹೋದವು.

ನಾಲ್ಕನೇ ದಿನ: ಎಡ್ಫು, ಅಸ್ವಾನ್

ಲಕ್ಸರಿನಿಂದ ದಕ್ಷಿಣಕ್ಕೆ ಎರಡು ಗಂಟೆ ದಾರಿ ಎಡ್ಫು. ಇದು ಹೋರಸನ ಊರು. ಬೇಸಿಗೆಯ ಮೂರನೇ ತಿಂಗಳಲ್ಲಿ ಹಾಥೋರ್ ದೆಂದೆರಾದಿಂದ ದೋಣಿಯಲ್ಲಿ ಹೊರಟು ಅಮಾವಾಸ್ಯೆಗೆ ಇಲ್ಲಿ ಬರುತ್ತಿದ್ದಳು, ಹುಣ್ಣಿಮೆವರೆಗೆ ಗಂಡನ ಮನೆಯಲ್ಲಿದ್ದು ವಾಪಸ್. ನದಿಯ ಎದುರು ಹರಿವಿನಲ್ಲಿ ಬರುವ ದಾರಿ ಅದು. ದಂಡೆಯ ಊರುಗಳಿಗೆಲ್ಲ ಹಬ್ಬ. ನಾವು ಕಾರಿನಲ್ಲಿ ಬಂದದ್ದೂ ಅದೇ ದಾರಿ. ಅಂಗಳದಲ್ಲಿ ದೊಡ್ಡ ಗೋಪುರದ ಒಳಮೈ ಬುಡದಲ್ಲಿ ಆ ದೋಣಿಗಳ ಮೆರವಣಿಗೆ ಕೆತ್ತಿದ್ದಾರೆ. ಮೇಲಿನ ದೊಡ್ಡ ಚಿತ್ರಗಳನ್ನೇ ನೋಡುತ್ತಿದ್ದರೆ ತಪ್ಪಿಹೋಗುತ್ತದೆ.

ಸಂಜೆ ಅಸ್ವಾನ್. ನದಿ ಇಲ್ಲಿ ಬಂಡೆಗಳ ನಡುವೆ ತಿಳಿಯಾಗಿ ಹರಿಯುತ್ತದೆ. ದಂಡೆಯ ಹೋಟೆಲಿನಲ್ಲಿ ಕರ್ಕಡೆ ತಂದುಕೊಟ್ಟರು. ಗಾಢ ಕೆಂಪು, ಹುಳಿ. ನಮ್ಮ ಪುಂಡಿ ಗಿಡದ್ದೇ ಜಾತಿ, ಹೂವಿನ ಕೆಂಪು ಬುಡ ಒಣಗಿಸಿ ಮಾಡುವುದು. ಎದುರಿಗೆ ಎಲಿಫೆಂಟೈನ್ ದ್ವೀಪ. ಲೋಟ ಹಿಡಿದು ಚಿಗವ್ವನಿಗೆ ಹಾಥೋರಳ ಸಿಟ್ಟಿನ ಕಥೆ ಹೇಳಿದೆ.

ಸೂರ್ಯದೇವನಿಗೆ ವಯಸ್ಸಾಯಿತು. ಮನುಷ್ಯರು ಅವನ ವಿರುದ್ಧ ತಿರುಗಿಬಿದ್ದರು. ಅವನು ತನ್ನ ಕಣ್ಣಾದ ಹಾಥೋರಳನ್ನು ಕಳಿಸಿದ. ಅವಳು ಸೆಖ್ಮೆತ್ ಆದಳು, ಸಿಂಹಿಣಿಯಾಗಿ ಕೊಲ್ಲತೊಡಗಿದಳು. ಸಾಕು ಅಂತ ಅವನಿಗನ್ನಿಸಿದರೂ ಅವಳು ನಿಲ್ಲಲಿಲ್ಲ. ಆಗ ರಾ ಎಲಿಫೆಂಟೈನಿನಿಂದ ಕೆಂಪು ಕಲ್ಲು ತರಿಸಿ ಅರೆಸಿದ, ಬಿಯರ್‌ಗೆ ಬೆರೆಸಿ 7,000 ಗಡಿಗೆ ತುಂಬಿಸಿ ಹೊಲಗಳಲ್ಲಿ ಸುರಿಸಿದ. ಬೆಳಿಗ್ಗೆ ಬಂದವಳು ರಕ್ತ ಅಂದುಕೊಂಡು ಕುಡಿದಳು, ಅಮಲೇರಿತು, ಮನುಷ್ಯರನ್ನು ಮರೆತಳು. ವರ್ಷಕ್ಕೊಮ್ಮೆ ನೆರೆಯ ತಿಂಗಳಲ್ಲಿ ಅವಳಿಗಾಗಿ ಕುಡಿತದ ಹಬ್ಬ ನಡೆಯುತ್ತಿದ್ದುದು ಇದರ ನೆನಪಿಗೆ.

ಅಂದರೆ ಮದ್ಯ, ಸಂಗೀತ, ಕುಣಿತ ಇವೆಲ್ಲ ಅವಳ ಸಿಟ್ಟಿಗೆ ಮದ್ದು. ಬೇರೆ ಬೇರೆ ಪಟ್ಟಿಯಲ್ಲ ಅದು. ನೆಟ್ಟಗೆ ನೋಡುವ ಕಣ್ಣೇ ಸಿಟ್ಟಾದರೆ ಸುಡುತ್ತದೆ. ಅದನ್ನು ತಣ್ಣಗಾಗಿಸಲು ಇಷ್ಟೆಲ್ಲ.

ಐದನೇ ದಿನ: ಅಬು ಸಿಂಬೆಲ್

ಬೆಳಗಿನ ನಾಲ್ಕಕ್ಕೆ ಹೊರಟರೆ ಸುಮಾರು 280 ಕಿಲೋಮೀಟರ್ ಮರಳುಗಾಡು. ಬೆಳಕು ಹರಿಯುವಾಗ ಕಣ್ಣು ಬಿಟ್ಟಿರಿ, ಅಷ್ಟು ಸಾಕು. ಚಿಗವ್ವ ಕಿಟಕಿ ಬಿಟ್ಟು ಕದಲಲಿಲ್ಲ.

ರಮ್ಸೆಸ್ ರಾಜನ ದೊಡ್ಡ ಗುಡಿಯ ಪಕ್ಕದಲ್ಲಿ ನೆಫೆರ್ತಾರಿ ರಾಣಿಗೂ ಹಾಥೋರಳಿಗೂ ಸೇರಿ ಕೊರೆದ ಸಣ್ಣ ಗುಡಿ. ಮುಂದೆ ಆರು ಮೂರ್ತಿ, ನಾಲ್ಕು ರಾಜನದು, ಎರಡು ರಾಣಿಯದು. ಎಲ್ಲ ಒಂದೇ ಎತ್ತರ. ಬೇರೆ ಕಡೆಗಳಲ್ಲಿ ರಾಣಿ ಸಾಮಾನ್ಯವಾಗಿ ರಾಜನ ಮೊಣಕಾಲಿನಷ್ಟಕ್ಕೇ ನಿಲ್ಲುತ್ತಾಳೆ. ಅಸ್ವಾನ್ ಅಣೆಕಟ್ಟಿನ ನೀರಿಗೆ ಮುಳುಗದಂತೆ 1964ರಿಂದ 1968ರವರೆಗೆ ಎರಡೂ ಗುಡಿಗಳನ್ನು ತುಂಡು ತುಂಡಾಗಿ ಕತ್ತರಿಸಿ ಮೇಲಕ್ಕೆ ತಂದು ಜೋಡಿಸಿದ್ದಾರೆ.

ಹಳೇ ಈಜಿಪ್ಟಿನ ಗಡಿ ದಾಟಿದ ಹಲವು ಕಡೆ ಹಾಥೋರ್ ಇರುತ್ತಾಳೆ. ಇಲ್ಲಿ ನುಬಿಯಾ, ಆಗಿನ ಈಜಿಪ್ಟಿನ ದಕ್ಷಿಣಕ್ಕಿದ್ದ ನಾಡು. ಸಿನಾಯ್ ಮರಳುಗಾಡಿನ ಸೆರಾಬಿತ್ ಎಲ್-ಖಾದಿಮ್‌ನಲ್ಲಿ ನೀಲಿ ಫಿರೋಜಾ ಕಲ್ಲು ತೆಗೆಯುವವರಿಗೆ ಅವಳು ಫಿರೋಜಾ ಒಡತಿ. ಅಲ್ಲಿ 1905ರಲ್ಲಿ ಫ್ಲಿಂಡರ್ಸ್ ಪೆಟ್ರಿಗೆ ಸಿಕ್ಕ ಗೀಚು ಬರಹಗಳು ಅಕ್ಷರಮಾಲೆಗಳ ಅತಿ ಹಳೆಯ ಕುರುಹುಗಳಲ್ಲಿ ಸೇರಿವೆ. ಅವುಗಳಲ್ಲಿ ಮೊದಲು ಓದಲಾದ ಪದ "ಬಾಲತ್", ಒಡತಿ ಅಂತ. ಹೊರನಾಡಿನ ಕೂಲಿಯವರು ತಮ್ಮ ಭಾಷೆಯಲ್ಲಿ ಹಾಥೋರಳನ್ನು ಕರೆದದ್ದು ಹೀಗೆ.

ಆರನೇ ದಿನ: ಫಿಲೆ

ಸಿಟ್ಟು ಮಾಡಿಕೊಂಡ ದೇವಿ ನುಬಿಯಾಕ್ಕೆ ಹೊರಟುಹೋಗಿ, ಸಮಾಧಾನವಾಗಿ ವಾಪಸ್ ಬರುವ ಕಥೆ ಇನ್ನೊಂದಿದೆ. ಅವಳು ಬಂದಿಳಿದದ್ದು ಫಿಲೆ ದ್ವೀಪದಲ್ಲಿ. ನಾವೂ ನುಬಿಯಾದಿಂದ ಉತ್ತರಕ್ಕೆ ಬಂದಿದ್ದೆವು, ಅದಕ್ಕೇ ಇದನ್ನು ಕೊನೆಗೆ ಇಟ್ಟಿದ್ದೆ. ಅಣೆಕಟ್ಟಿನಿಂದಾಗಿ ಗುಡಿಗಳು ಈಗ ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿವೆ. ದೋಣಿಯ ಬಾಡಿಗೆ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ, ಕಾಯುವ ಹೊತ್ತೂ ಸೇರಿಸಿ.

ಐಸಿಸ್ ದೇವಿಯ ದೊಡ್ಡ ಗುಡಿ ದಾಟಿ ಪೂರ್ವಕ್ಕೆ ನಡೆದರೆ ಹಾಥೋರಳ ಪುಟ್ಟ ಗುಡಿ. ಕಂಬಗಳಲ್ಲಿ ಬೆಸ್ ತಮಟೆ ಬಡಿಯುತ್ತಿದ್ದಾನೆ, ಇನ್ನೊಂದರಲ್ಲಿ ಹಾರ್ಪ್ ನುಡಿಸುತ್ತಿದ್ದಾನೆ. ಒಂದು ಕೋತಿ ತಂತಿವಾದ್ಯ ಹಿಡಿದಿದೆ. ದೂರದಿಂದ ಬರುವ ಮಗಳಿಗೆ ಸ್ವಾಗತ. ಅಲ್ಲಿ ನಾವಿಬ್ಬರೇ ಇದ್ದೆವು. ಚಿಗವ್ವ ಬೆಸ್‌ನ ಬಾಗಿದ ಮೊಣಕಾಲು ತೋರಿಸಿ "ಕುಣಿಯಾಕತ್ತಾನ" ಅಂದಳು.

ವಾಪಸ್ ಬರುವಾಗ ಬಿಸಿಲು ಇಳಿದಿತ್ತು. ನುಬಿಯನ್ ದೋಣಿಯವ ಇಂಜಿನ್ ನಿಲ್ಲಿಸಿ, ಅಂಚಿನ ಹಲಗೆ ಬಡಿಯುತ್ತಾ ಹಾಡತೊಡಗಿದ. ಮಾತು ನಮಗೆ ತಿಳಿಯಲಿಲ್ಲ, ತಾಳ ತಿಳಿಯಿತು. ಚಿಗವ್ವ ಮೊದಲು ತೊಡೆಯ ಮೇಲೆ, ಆಮೇಲೆ ಎರಡೂ ಕೈ ಎತ್ತಿ ತಟ್ಟಿದಳು. ಉಳಿದ ಬಳೆಗಳು ಸದ್ದು ಮಾಡಿದವು. ಅವನು ಹಾಡುತ್ತಲೇ ಅವಳ ಕೈ ನೋಡಿ ತಾಳ ಸ್ವಲ್ಪ ಜೋರು ಮಾಡಿದ.